ಯಾವ ಪೈಕಿ ಎಂದು ಕೇಳಿದರೆ ಬಾಡಿಗೆ ಬಂದೀತೇ?

ಕೊಯಮತ್ತೂರಿನ ಕಾಳಪಟ್ಟಿಯಲ್ಲೋ ಸರವಣಂಪಟ್ಟಿಯಲ್ಲೋ ಯಾರಾದರೂ ಮನೆಯ ಮೇಲೆ ಇನ್ನೊಂದು ಅಂತಸ್ತು ಎಬ್ಬಿಸಿದರೆ ಸಾಕು, ಸುಣ್ಣಬಣ್ಣ ಮುಗಿಯುವ ಮೊದಲೇ ಬುದ್ಧಿ ಹೇಳುವವರು ಗೇಟಿನ ಮುಂದೆ ನೆರೆಯುತ್ತಾರೆ. ಹತ್ತು ತಿಂಗಳ ಅಡ್ವಾನ್ಸ್ ಇಸಕೊಳ್ಳಿ. ಹನ್ನೊಂದು ತಿಂಗಳಿಗಿಂತ ಒಂದು ದಿನವೂ ಹೆಚ್ಚಿಗೆ ಬರೆದುಕೊಡಬೇಡಿ. ರಸೀದಿ ಕೊಟ್ಟು ಸಿಕ್ಕಿಹಾಕಿಕೊಳ್ಳಬೇಡಿ. ಹಿಂದಿಯವರು ಬೇಡ, ಮದುವೆಯಾಗದ ಹುಡುಗರು ಬೇಡ, ಪೊಲೀಸರು ಬೇಡ, ವಕೀಲರಂತೂ ಬೇಡವೇ ಬೇಡ. ಎಲ್ಲಕ್ಕಿಂತ ಮೊದಲು, ಬಂದವರು ಯಾವ ಪೈಕಿ ಎಂದು ಕೇಳಿ ತಿಳಿದುಕೊಳ್ಳಿ.

ಮೊದಲ ಸಲ ಮನೆ ಬಾಡಿಗೆಗೆ ಕೊಡುವವರು ಇದನ್ನೆಲ್ಲ ಭಕ್ತಿಯಿಂದ ಕೇಳಿಸಿಕೊಳ್ಳುತ್ತಾರೆ. ಹೇಳಿದವರು ಅನುಭವಸ್ಥರು, ನಾಲ್ಕು ಮನೆ ಬಾಡಿಗೆಗೆ ಬಿಟ್ಟವರು. ಆದರೆ ಈ ಪಟ್ಟಿಯನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರೆ ಮಾಲೀಕನನ್ನು ನಿಜವಾಗಿ ಕಾಪಾಡುವ ಮಾತು ಅದರಲ್ಲಿ ಒಂದೂ ಸಿಗುವುದಿಲ್ಲ. ಕೆಲವು ಅವನನ್ನೇ ಅಪಾಯಕ್ಕೆ ದೂಡುತ್ತವೆ. ಬಂದವನ ಕುಲ, ಊರು, ಅಡುಗೆಮನೆಗಳ ಬಗ್ಗೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವ ಮಾಲೀಕ, ತನ್ನ ಕೈಯಲ್ಲಿರುವ ಎರಡು ವಸ್ತುಗಳನ್ನು, ಎಂದರೆ ಕಾಗದವನ್ನೂ ಕಟ್ಟಡವನ್ನೂ, ಸರಿಪಡಿಸಿಕೊಳ್ಳುವುದೇ ಇಲ್ಲ.

ಜನ ಆರಿಸುವ ಚಾಳಿಯಿಂದಲೇ ಶುರು ಮಾಡೋಣ. ತಿರುಪ್ಪೂರಿನಲ್ಲಿ ನಿಂತು ‘ಹೊರಗಿನವರಿಗೆ ಮನೆ ಕೊಡಬೇಡಿ’ ಎನ್ನುವುದಕ್ಕೆ ವಿಶೇಷ ಧೈರ್ಯ ಬೇಕು. ದೇಶದ ನಿಟ್‌ವೇರ್ ರಫ್ತಿನ ಅರ್ಧಕ್ಕಿಂತ ಹೆಚ್ಚು ಪಾಲು ಈ ಒಂದು ಊರಿನದು. ಹೊಲಿಗೆ ಯಂತ್ರದ ಮುಂದೆ, ಚೆಕಿಂಗ್ ಮೇಜಿನ ಮುಂದೆ, ಡೈಯಿಂಗ್ ಘಟಕಗಳಲ್ಲಿ ದುಡಿಯುವವರಲ್ಲಿ ಬಿಹಾರ, ಒಡಿಶಾ, ಜಾರ್ಖಂಡ್, ಪಶ್ಚಿಮ ಬಂಗಾಳದವರು ದೊಡ್ಡ ಸಂಖ್ಯೆಯಲ್ಲಿದ್ದಾರೆ. 2023ರ ಮಾರ್ಚ್ ತಿಂಗಳಲ್ಲಿ ತಮಿಳುನಾಡಿನಲ್ಲಿ ಬಿಹಾರಿಗಳ ಮೇಲೆ ಹಲ್ಲೆ ನಡೆಯುತ್ತಿದೆ ಎಂಬ ಸುಳ್ಳು ವಿಡಿಯೊಗಳು ಹರಿದಾಡಿದವು. ಕಾರ್ಮಿಕರು ಊರಿನ ರೈಲು ಹತ್ತತೊಡಗಿದಾಗ ಕಂಗೆಟ್ಟವರು ಕಾರ್ಖಾನೆಯವರಷ್ಟೇ ಅಲ್ಲ. ಜಿಲ್ಲಾಡಳಿತ ಹಿಂದಿಯಲ್ಲಿ ಭರವಸೆ ಕೊಡಬೇಕಾಯಿತು, ಬಿಹಾರ ಸರ್ಕಾರ ಅಧಿಕಾರಿಗಳ ತಂಡವನ್ನೇ ಕಳಿಸಿತು. ಆ ದಿನಗಳಲ್ಲಿ ವಠಾರದ ಬಾಗಿಲುಗಳಿಗೆ ಬೀಗ ಬಿದ್ದಿದ್ದನ್ನು ಕಂಡ ಮಾಲೀಕರಿಗೆ ತಮ್ಮ ಬಾಡಿಗೆ ಎಲ್ಲಿಂದ ಬರುತ್ತಿತ್ತು ಎಂದು ಯಾರೂ ವಿವರಿಸಬೇಕಾಗಿರಲಿಲ್ಲ. ಆದರೂ ‘ಹಿಂದಿಯವರು ಬೇಡ’ ಎಂಬ ಮಾತು ಇನ್ನೂ ಬುದ್ಧಿವಂತಿಕೆಯ ಮಾತಾಗಿಯೇ ಚಲಾವಣೆಯಲ್ಲಿದೆ.

ಈ ಸೀಮೆಯ ಕನ್ನಡಿಗರ ಬಾಯಲ್ಲಿ ಆ ಮಾತು ಇನ್ನಷ್ಟು ವಿಚಿತ್ರವಾಗಿ ಕೇಳಿಸುತ್ತದೆ. ಕೊಯಮತ್ತೂರಿನ ರಾಜವೀದಿಯಲ್ಲಿ ಚೌಡೇಶ್ವರಿಯ ಗುಡಿ ಕಟ್ಟಿಕೊಂಡು, ವಿಜಯದಶಮಿಯಂದು ಕತ್ತಿ ಹಿಡಿದು ಮೆರವಣಿಗೆ ಹೊರಡುವ ದೇವಾಂಗ ನೇಕಾರರು ಮನೆಯೊಳಗೆ ಇಂದಿಗೂ ಕನ್ನಡವನ್ನೇ ಆಡುತ್ತಾರೆ. ಒಕ್ಕಲಿಗರಿದ್ದಾರೆ, ಉಡುಮಲೈ, ಧಾರಾಪುರಂ ಕಡೆ ಅನುಪ್ಪರಿದ್ದಾರೆ. ಮಗ್ಗವನ್ನೋ ನೇಗಿಲನ್ನೋ ನಂಬಿ ಒಂದು ಕಾಲಕ್ಕೆ ಉತ್ತರದಿಂದ ಇಳಿದು ಬಂದವರ ಮಕ್ಕಳಿವರು. ಕೊಳ್ಳೇಗಾಲ 1956ರವರೆಗೂ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿಯೇ ಇತ್ತು. ಕೈಕಸುಬಿನವನನ್ನು ಬಾ ಎಂದು ಕರೆದು ಜಾಗ ಕೊಟ್ಟೇ ಬೆಳೆದ ನಾಡಿದು.

ಜಾತಿಯ ಪ್ರಶ್ನೆಗೆ ಇನ್ನೊಂದು ಮಗ್ಗುಲಿದೆ. ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡು ಎಷ್ಟೋ ಸಲ ಊಟದ ವಿಚಾರವಾಗಿರುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಸುಖದೇವ್ ಥೋರಟ್ ಮತ್ತು ಸಂಗಡಿಗರು ದೆಹಲಿ ಸುತ್ತಿನ ಬಾಡಿಗೆ ಮಾರುಕಟ್ಟೆಯ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ದಲಿತರಿಗೂ ಮುಸ್ಲಿಮರಿಗೂ ಹೆಸರು ಕೇಳಿದೊಡನೆ ಬಾಗಿಲು ಮುಚ್ಚುವುದನ್ನು ದಾಖಲಿಸಿತು. ಕೊಯಮತ್ತೂರಿನಲ್ಲಿ ಮನೆ ಹುಡುಕಿದ ದಲಿತ ಉದ್ಯೋಗಿಗೆ ಇದನ್ನು ತಿಳಿಯಲು ಅಧ್ಯಯನ ಬೇಕಿಲ್ಲ. ಅಸ್ಪೃಶ್ಯತೆಯ ಕಾರಣಕ್ಕೆ ವಾಸದ ಮನೆ ಹಿಡಿಯಲು ಅಡ್ಡಿಪಡಿಸುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಬುದ್ಧಿ ಹೇಳುವ ಹಿರಿಯರು ಈ ಕಾಯ್ದೆಯ ಹೆಸರನ್ನು ಮಾತ್ರ ಎತ್ತುವುದಿಲ್ಲ.

ಒಂದು ಕ್ಷಣ ನ್ಯಾಯ ಅನ್ಯಾಯವನ್ನು ಬದಿಗಿಟ್ಟು ಬರೀ ಲಾಭ ನಷ್ಟವನ್ನೇ ನೋಡಿ. ತಿಂಗಳಿಗೆ 9,000 ರೂಪಾಯಿ ಬಾಡಿಗೆಯ ಮನೆ ಎಂದಿಟ್ಟುಕೊಳ್ಳಿ. ‘ನಮ್ಮವರು’ ಸಿಗಲಿ ಎಂದು ಮೂರು ತಿಂಗಳು ಖಾಲಿ ಬಿಟ್ಟರೆ 27,000 ಹೋಯಿತು. ಆಮೇಲೆ ಸಿಕ್ಕ ‘ನಮ್ಮವರು’ ಬಾಡಿಗೆ ತಡ ಮಾಡಿದಾಗ ಕೇಳುವುದೂ ಕಷ್ಟ, ಮದುವೆಮನೆಯಲ್ಲಿ ಎದುರು ಸಿಗುತ್ತಾರೆ. ಸಂಬಂಧದವರಿಗೆ ಮನೆ ಕೊಟ್ಟು ಬಾಡಿಗೆಯನ್ನೂ ಸಂಬಂಧವನ್ನೂ ಒಟ್ಟಿಗೆ ಕಳೆದುಕೊಂಡ ಕಥೆ ಯಾವ ಬೀದಿಯಲ್ಲಿಲ್ಲ? 2011ರ ಜನಗಣತಿ ದೇಶದ ನಗರಗಳಲ್ಲಿ 1.1 ಕೋಟಿಗೂ ಹೆಚ್ಚು ಖಾಲಿ ಮನೆಗಳನ್ನು ಎಣಿಸಿತ್ತು. ಅವುಗಳಲ್ಲಿ ಒಂದು ಪಾಲಾದರೂ ಇಂಥ ಭಯದಿಂದಲೇ ಬೀಗ ಹಾಕಿಸಿಕೊಂಡವು.

ಗುರುತು ಪತ್ರ ನೋಡಬೇಡವೇ, ಪೊಲೀಸರಿಗೆ ತಿಳಿಸಬೇಡವೇ ಎಂದು ಕೇಳುವವರಿದ್ದಾರೆ. ಖಂಡಿತ ನೋಡಬೇಕು. 2022ರ ಅಕ್ಟೋಬರ್ 23ರಂದು ಉಕ್ಕಡದ ಕೋಟೈ ಈಶ್ವರನ್ ಗುಡಿಯ ಎದುರು ಕಾರು ಸ್ಫೋಟಗೊಂಡ ಮೇಲಂತೂ ನಗರದಲ್ಲಿ ಈ ಎಚ್ಚರ ಸಹಜ. ಆದರೆ ಆ ಪ್ರಕರಣದಲ್ಲಿ ಸತ್ತ ಆರೋಪಿ ದೂರದ ರಾಜ್ಯದಿಂದ ಬಂದ ಅಪರಿಚಿತನಾಗಿರಲಿಲ್ಲ. ಇದೇ ಊರಿನವನು, 2019ರಲ್ಲೇ ರಾಷ್ಟ್ರೀಯ ತನಿಖಾ ದಳ ವಿಚಾರಿಸಿ ಬಿಟ್ಟವನು. ಬಡಾವಣೆಯ ಪರಿಚಿತ ಮುಖ ಎಂಬುದು ಯಾವ ಖಾತರಿಯನ್ನೂ ಕೊಡುವುದಿಲ್ಲ. ಆಧಾರ್ ಪ್ರತಿ, ಕೆಲಸದ ಜಾಗದ ವಿವರ, ಹಿಂದಿನ ಮನೆಯ ಮಾಲೀಕನ ಫೋನ್ ನಂಬರು ಇವನ್ನು ಎಲ್ಲರಿಂದಲೂ ಒಂದೇ ರೀತಿ ಕೇಳಬೇಕು. ಒಡಿಶಾದ ಟೈಲರ್‌ನಿಂದ ಐದು ಕಾಗದ, ಸ್ವಜಾತಿಯ ಬ್ಯಾಂಕ್ ಮ್ಯಾನೇಜರ್‌ನಿಂದ ಬರೀ ನಮಸ್ಕಾರ ಪಡೆಯುವುದನ್ನು ಪರಿಶೀಲನೆ ಎನ್ನಲಾಗದು.

ಇನ್ನು ಹನ್ನೊಂದು ತಿಂಗಳ ಮಹಿಮೆ. ಇಡೀ ಪಟ್ಟಿಯಲ್ಲಿ ಅತಿ ಹೆಚ್ಚು ಗೌರವ ಪಡೆದ, ಅತಿ ಕಡಿಮೆ ಅರ್ಥವಾದ ಸಲಹೆ ಇದೇ. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು ಎಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಆ ಖರ್ಚು, ಆ ಓಡಾಟ ತಪ್ಪಿಸಿಕೊಳ್ಳಲು ಹುಟ್ಟಿದ ಉಪಾಯವೇ ಹನ್ನೊಂದು ತಿಂಗಳು. ಕಾಲ ಕಳೆದಂತೆ ಅದಕ್ಕೆ ಇಲ್ಲದ ಶಕ್ತಿಯೆಲ್ಲ ಅಂಟಿಕೊಂಡಿತು. ಹನ್ನೊಂದು ತಿಂಗಳಾದ ಮೇಲೆ ಬಾಡಿಗೆದಾರನನ್ನು ಕೈ ಹಿಡಿದು ಎಬ್ಬಿಸಬಹುದಂತೆ! ಎಬ್ಬಿಸಲಾಗದು. ಅವಧಿ ಮುಗಿದರೂ ಏಳದವನನ್ನು ಕಾನೂನಿನ ದಾರಿಯಲ್ಲೇ ಬಿಡಿಸಬೇಕು, ಕರಾರು ಹನ್ನೊಂದು ತಿಂಗಳದ್ದಾಗಲಿ ಮೂವತ್ತಾರು ತಿಂಗಳದ್ದಾಗಲಿ.

ತಮಿಳುನಾಡಿನಲ್ಲಂತೂ ಆ ಉಪಾಯದ ಮೂಲ ಲಾಭವೂ ಈಗ ಉಳಿದಿಲ್ಲ. ಮಾಲೀಕರು ಮತ್ತು ಬಾಡಿಗೆದಾರರ ಹಕ್ಕು, ಹೊಣೆಗಳನ್ನು ನಿಯಂತ್ರಿಸುವ 2017ರ ಕಾಯ್ದೆ 2019ರ ಫೆಬ್ರುವರಿ 22ರಿಂದ ರಾಜ್ಯದ ನಗರ ಪ್ರದೇಶಗಳಲ್ಲಿ ಜಾರಿಯಲ್ಲಿದೆ. ಅವಧಿ ಎಷ್ಟೇ ಇರಲಿ, ಕರಾರು ಲಿಖಿತವಾಗಿರಬೇಕು, ಬಾಡಿಗೆ ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕು. ಅದಕ್ಕೆ ಸರ್ಕಾರದ ಜಾಲತಾಣವೇ ಇದೆ, ಅರ್ಜಿ ಸಲ್ಲಿಸಿದರೆ ಕರಾರಿಗೊಂದು ಸಂಖ್ಯೆ ಸಿಗುತ್ತದೆ. ನೋಂದಣಿಯಾಗದ ಕರಾರು ಸಾಕ್ಷ್ಯವಾಗಿ ನಿಲ್ಲದು ಎಂದೂ ಕಾಯ್ದೆಯಲ್ಲಿದೆ. ಹೀಗಿದ್ದೂ ಕೋರ್ಟ್ ಎದುರಿನ ಟೈಪಿಸ್ಟ್ ಬಳಿ ಹಳೆಯ ನಮೂನೆಯಲ್ಲಿ ಹೆಸರು ಬದಲಿಸಿ, ಸ್ಟ್ಯಾಂಪ್ ಪೇಪರ್ ಮೇಲೆ ಸಹಿ ಹಾಕಿಸಿ, ಬೀರುವಿನಲ್ಲಿಟ್ಟು ನೆಮ್ಮದಿಯಾಗಿ ಮಲಗುವ ಮಾಲೀಕರು ಕೊಯಮತ್ತೂರು, ತಿರುಪ್ಪೂರು ಎರಡೂ ಜಿಲ್ಲೆಗಳಲ್ಲಿ ಧಾರಾಳವಾಗಿದ್ದಾರೆ.

ಈ ಭಯದ ಬೇರು ಎಲ್ಲಿದೆ ಎಂಬುದನ್ನೂ ಹೇಳಬೇಕು, ಅದು ಪೂರ್ತಿ ಕಲ್ಪನೆಯಲ್ಲ. 1960ರ ಮದ್ರಾಸಿನ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದಲ್ಲಿ ಒಮ್ಮೆ ಒಳಗೆ ಬಂದವರನ್ನು ಬಿಡಿಸುವುದು ನಿಜಕ್ಕೂ ವರ್ಷಗಟ್ಟಲೆ ಎಳೆಯುವ ಕೆಲಸವಾಗಿತ್ತು. ತಿಂಗಳಿಗೆ 400 ರೂಪಾಯಿ ಮೀರಿದ ವಾಸದ ಮನೆಗಳನ್ನು ಆ ಕಾಯ್ದೆ ಹೊರಗಿಟ್ಟಿತ್ತು. 1986ರಲ್ಲಿ ರತ್ತನ್ ಆರ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ವಿನಾಯಿತಿಯನ್ನೂ ತೆಗೆದುಹಾಕಿತು. ಆಗ ಮಾಲೀಕರಾಗಿದ್ದವರು ಸುಟ್ಟುಕೊಂಡ ಕೈಯನ್ನೇ ಇಂದು ಮಕ್ಕಳಿಗೆ ತೋರಿಸುತ್ತಿದ್ದಾರೆ. ಆದರೆ ಆ ಕಾಯ್ದೆ ರದ್ದಾಗಿದೆ. ಈಗಿನ ಕಾಯ್ದೆಯಲ್ಲಿ ಬಾಡಿಗೆಯ ಮೊತ್ತವನ್ನು ಇಬ್ಬರೂ ಕೂಡಿ ಗೊತ್ತುಮಾಡಿಕೊಳ್ಳಬಹುದು, ಎರಡು ತಿಂಗಳ ಬಾಕಿಯನ್ನು ನೋಟಿಸ್ ಕೊಟ್ಟ ಮೇಲೂ ತೀರಿಸದಿದ್ದರೆ ಅದೇ ಮನೆ ಬಿಡಿಸಲು ಆಧಾರ. ಸತ್ತ ಕಾನೂನಿಗೆ ಹೆದರಿ ಬದುಕಿರುವ ಕಾನೂನನ್ನು ಮುರಿಯುವುದು ಯಾವ ಜಾಣತನ?

ಇದರ ಜೊತೆಗೇ ಬರುವ ಇನ್ನೊಂದು ಗುಮ್ಮ: ‘ಹನ್ನೆರಡು ವರ್ಷ ಇದ್ದರೆ ಮನೆ ಅವರದೇ ಆಗುತ್ತದೆ.’ ಹನ್ನೆರಡು ವರ್ಷದ ಲೆಕ್ಕ ಇರುವುದು ಪ್ರತಿಕೂಲ ಸ್ವಾಧೀನಕ್ಕೆ, ಎಂದರೆ ಮಾಲೀಕನ ಹಕ್ಕನ್ನು ಧಿಕ್ಕರಿಸಿ, ಬಹಿರಂಗವಾಗಿ ಆಸ್ತಿ ಹಿಡಿದು ಕೂತವನಿಗೆ. ಬಾಡಿಗೆದಾರ ಒಳಗೆ ಬಂದಿದ್ದೇ ಮಾಲೀಕನ ಒಪ್ಪಿಗೆಯಿಂದ. ಬಾಡಿಗೆಗೆ ಇರುವತನಕ ಮಾಲೀಕನ ಹಕ್ಕನ್ನು ಅವನು ಅಲ್ಲಗಳೆಯುವಂತಿಲ್ಲ ಎಂದು ಸಾಕ್ಷ್ಯ ಕಾನೂನು ಮೊದಲಿನಿಂದಲೂ ಹೇಳುತ್ತಿದೆ. ಇಪ್ಪತ್ತು ವರ್ಷ ಬಾಡಿಗೆ ಕಟ್ಟಿದರೂ ಅವನು ಬಾಡಿಗೆದಾರನೇ. ಆದರೆ ಅವನು ಬಾಡಿಗೆದಾರ ಎಂಬುದಕ್ಕೆ ಪುರಾವೆ ಏನು? ಕರಾರು, ರಸೀದಿ, ಬ್ಯಾಂಕಿಗೆ ಬಂದ ಹಣದ ದಾಖಲೆ. ‘ಕಾಗದ ಬೇಡ, ರಸೀದಿ ಬೇಡ, ಕೈಯಲ್ಲೇ ದುಡ್ಡು ಇಸಕೊಳ್ಳಿ’ ಎನ್ನುವ ಸಲಹೆ ಈ ಮೂರನ್ನೂ ಅಳಿಸಿಹಾಕುತ್ತದೆ. ಹನ್ನೆರಡು ವರ್ಷದ ಗುಮ್ಮನಿಗೆ ಅಂಜಿ ಕಾಗದ ಮಾಡದವನೇ ಆ ಗುಮ್ಮನಿಗೆ ಕೈಕಾಲು ಮೂಡಿಸುತ್ತಾನೆ.

ರಸೀದಿ ಬೇಡ ಎನ್ನುವುದಕ್ಕೆ ಒಳಗಿನ ಕಾರಣ ಆದಾಯ ತೆರಿಗೆ. ಈ ಭಯವೂ ಲೆಕ್ಕ ಮಾಡದ್ದರಿಂದ ಬಂದದ್ದು. ಅದೇ 9,000ದ ಮನೆಯಿಂದ ವರ್ಷಕ್ಕೆ 1,08,000 ಬರುತ್ತದೆ. ನಗರಪಾಲಿಕೆಗೆ ಕಟ್ಟಿದ ಆಸ್ತಿ ತೆರಿಗೆ 4,000 ಎಂದರೆ ಅದನ್ನು ಕಳೆಯಿರಿ. ಉಳಿದ 1,04,000ದಲ್ಲಿ ಶೇ 30ರಷ್ಟನ್ನು, ಒಂದು ನಲ್ಲಿಯನ್ನೂ ರಿಪೇರಿ ಮಾಡಿಸದಿದ್ದರೂ, ಕಾನೂನೇ ಬಿಟ್ಟುಕೊಡುತ್ತದೆ. ಕೊನೆಗೆ ಲೆಕ್ಕಕ್ಕೆ ಬರುವುದು 72,800. 2025–26ರಿಂದ ಹೊಸ ಪದ್ಧತಿಯಲ್ಲಿ ಇಂಥ ಸಾಮಾನ್ಯ ಆದಾಯ 12 ಲಕ್ಷದವರೆಗೆ ಇರುವವರು ತೆರಿಗೆಯನ್ನೇ ಕಟ್ಟಬೇಕಿಲ್ಲ. ಪಿಂಚಣಿಯಲ್ಲಿ ಬದುಕುವ ನಿವೃತ್ತ ಶಿಕ್ಷಕರು ಯಾವ ತೆರಿಗೆಗೆ ಹೆದರಿ ರಸೀದಿ ಬಚ್ಚಿಡುತ್ತಿದ್ದಾರೆ ಎಂದು ಅವರನ್ನೇ ಕೇಳಬೇಕು. ಅತ್ತ ಸರವಣಂಪಟ್ಟಿಯ ಸಾಫ್ಟ್‌ವೇರ್ ಉದ್ಯೋಗಿಗೆ ಮನೆಬಾಡಿಗೆ ಭತ್ಯೆಯ ವಿನಾಯಿತಿಗೆ ರಸೀದಿ ಬೇಕು, ವರ್ಷದ ಬಾಡಿಗೆ ಒಂದು ಲಕ್ಷ ಮೀರಿದರೆ ಮಾಲೀಕರ ಪ್ಯಾನ್ ಕೂಡ ಬೇಕು. ಅದನ್ನು ಕೊಡಲು ಒಪ್ಪುವ ಮಾಲೀಕನ ಮನೆಯನ್ನೇ ಅಂಥವರು ಹುಡುಕಿಕೊಂಡು ಬರುತ್ತಾರೆ.

ಬಂದವನ ಊಟದ ವಿಚಾರ ಅರ್ಧ ಗಂಟೆ ಕೇಳುವವರು ಮನೆಯ ವಿಚಾರಕ್ಕೆ ಐದು ನಿಮಿಷ ಕೊಡುವುದಿಲ್ಲ. ತಿರುಪ್ಪೂರಿನ ಲೈನ್ ಮನೆಗಳನ್ನು ನೋಡಿ. ಒಂದು ಸಾಲಿನಲ್ಲಿ ಆರೋ ಎಂಟೋ ಕೋಣೆ, ಎಲ್ಲರಿಗೂ ಸೇರಿ ಒಂದು ಅಥವಾ ಎರಡು ಕಕ್ಕಸು, ಒಂದೇ ಕರೆಂಟ್ ಮೀಟರ್. ತಮಿಳುನಾಡಿನಲ್ಲಿ 2016ರಿಂದ ಗೃಹಬಳಕೆಗೆ ಎರಡು ತಿಂಗಳಿಗೆ 100 ಯೂನಿಟ್ ಉಚಿತ, ಆಮೇಲೆ ಬಳಕೆ ಏರಿದಂತೆ ದರ ಏರುತ್ತದೆ. ಆರು ಸಂಸಾರ ಒಂದೇ ಮೀಟರಿಗೆ ಜೋತುಬಿದ್ದರೆ ಉಚಿತದ ಪಾಲು ಆರರಲ್ಲಿ ಹಂಚಿಹೋಗುತ್ತದೆ, ಉಳಿದದ್ದೆಲ್ಲ ಮೇಲಿನ ದರಕ್ಕೆ ಹತ್ತುತ್ತದೆ. ಮಾಲೀಕ ಸಬ್ ಮೀಟರ್ ಹಾಕಿ ಯೂನಿಟ್ಟಿಗೆ ಇಷ್ಟು ಎಂದು ತನ್ನದೇ ದರ ಹೇಳುತ್ತಾನೆ. ಮಾಲೀಕ ಮತ್ತು ಬಾಡಿಗೆದಾರರ ಜಗಳದಲ್ಲಿ ಕರೆಂಟ್ ಬಿಲ್ಲಿನಷ್ಟು ಹೊಗೆಯಾಡುವ ವಿಷಯ ಇನ್ನೊಂದಿಲ್ಲ. ಪ್ರತಿ ಮನೆಗೂ ಬೇರೆ ಸಂಪರ್ಕ ಮಾಡಿಸಿದರೆ ಆ ಜಗಳ ಹುಟ್ಟುವುದೇ ಇಲ್ಲ. ಇದಕ್ಕೆ ಖರ್ಚಿದೆ ಎನ್ನುತ್ತಾರೆ. ಮುಂಬಾಗಿಲಿಗೆ ಸ್ಟೀಲ್ ಗ್ರಿಲ್ ಹಾಕಿಸಲೂ ಖರ್ಚಿತ್ತು.

ಯಾವ ರಿಪೇರಿ ಯಾರದ್ದು ಎಂಬುದನ್ನೂ 2017ರ ಬಾಡಿಗೆ ಕಾಯ್ದೆಯ ಅನುಸೂಚಿಯೇ ಹಂಚಿಕೊಟ್ಟಿದೆ. ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗೆ ಬಣ್ಣ, ಕೊಳಾಯಿ ಪೈಪು, ವೈರಿಂಗ್ ಮಾಲೀಕನ ಪಾಲು. ನಲ್ಲಿಯ ವಾಷರು, ಸ್ವಿಚ್ಚು, ಗೀಸರ್ ರಿಪೇರಿ, ಒಡೆದ ಗಾಜು ಬಾಡಿಗೆದಾರನ ಪಾಲು. ಇದನ್ನು ಓದಿ, ಕೀಲಿ ಕೊಡುವ ದಿನ ಪ್ರತಿ ಕೋಣೆಯ ಫೋಟೊ ತೆಗೆದು, ಮೀಟರಿನ ಅಂಕಿ ಬರೆದು, ಇಬ್ಬರೂ ಸಹಿ ಹಾಕಿಕೊಂಡರೆ ಮುಂದೆ ‘ಈ ಬಿರುಕು ಮೊದಲೇ ಇತ್ತು’ ಎಂಬ ವಾದಕ್ಕೆ ಎಡೆಯಿಲ್ಲ. ಬಾಡಿಗೆ ತಡವಾಯಿತೆಂದು ನೀರು ನಿಲ್ಲಿಸುವುದು, ಫ್ಯೂಸ್ ಕೀಳುವುದು ಮತ್ತೊಂದು ಜನಪ್ರಿಯ ‘ಅನುಭವದ ಮಾತು’. ಅಗತ್ಯ ಸೇವೆ ತಡೆಯುವಂತಿಲ್ಲ ಎಂದು ಅದೇ ಕಾಯ್ದೆ ನೇರವಾಗಿ ಹೇಳಿರುವುದರಿಂದ, ಬಾಕಿ ವಸೂಲಿಗೆ ಹೋದವನು ತಾನೇ ತಪ್ಪಿತಸ್ಥನಾಗಿ ನಿಲ್ಲುತ್ತಾನೆ.

ಬಾಡಿಗೆಯ ತಾರೀಕಿನ ವಿಚಾರದಲ್ಲಂತೂ ಹಳೆಯ ಸಲಹೆ ಊರನ್ನೇ ಕಣ್ಣೆತ್ತಿ ನೋಡಿಲ್ಲ. ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ವಾರದ ಸಂಬಳ ರೂಢಿ, ಶನಿವಾರ ಕೈಗೆ ದುಡ್ಡು ಬರುತ್ತದೆ. ಮಾಲೀಕನೋ ತಿಂಗಳ ಐದನೇ ತಾರೀಕಿಗೆ ಇಡೀ ಬಾಡಿಗೆ ಬರಬೇಕೆನ್ನುತ್ತಾನೆ. ಅಷ್ಟರೊಳಗೆ ಒಂದಿಷ್ಟು ಊರಿಗೆ ಹೋಗಿರುತ್ತದೆ, ಒಂದಿಷ್ಟು ರೇಷನ್ನಿಗೆ. ಆಮೇಲೆ ‘ಈ ಜನ ಸರಿಯಿಲ್ಲ’ ಎಂಬ ತೀರ್ಪು. ಬಾಡಿಗೆಯನ್ನು ನಾಲ್ಕು ಶನಿವಾರಕ್ಕೆ ಹಂಚಿ, ಫೋನಿನಲ್ಲೇ ಕಳಿಸುವಂತೆ ಮಾಡಿಕೊಂಡರೆ ಬಾಕಿಯೂ ತಗ್ಗುತ್ತದೆ, ದಾಖಲೆಯೂ ಉಳಿಯುತ್ತದೆ. ಹಬ್ಬಕ್ಕೆ ಬೀಗ ಹಾಕಿ ಊರಿಗೆ ಹೋದವನು ಮೂರು ವಾರ ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು, ಆ ದಿನಗಳ ಬಾಡಿಗೆ ಹೇಗೆ ಎಂಬುದನ್ನೂ ಕರಾರಿನಲ್ಲೇ ಬರೆದುಕೊಳ್ಳಬಹುದು. 2020ರ ಲಾಕ್‌ಡೌನ್ ಹೊತ್ತಿನಲ್ಲಿ, ಮಾರ್ಚ್ 29ರ ಆದೇಶದಿಂದ ಕೇಂದ್ರವೇ ಕಾರ್ಮಿಕರಿಂದ ಒಂದು ತಿಂಗಳು ಬಾಡಿಗೆ ಕೇಳಬೇಡಿ ಎನ್ನಬೇಕಾಯಿತು. 2025ರ ಆಗಸ್ಟ್ 27ರಿಂದ ಅಮೆರಿಕ ಶೇ 50ರ ಸುಂಕ ಹೇರಿದಾಗ ತಿರುಪ್ಪೂರಿನ ಆರ್ಡರುಗಳಿಗೆ ಪೆಟ್ಟು ಬಿತ್ತು. ಇಲ್ಲಿನ ಬಾಡಿಗೆ ತಪ್ಪುವುದು ಬಾಡಿಗೆದಾರನ ಜಾತಿ ಕೆಟ್ಟದ್ದರಿಂದಲ್ಲ, ಸಾವಿರಾರು ಮೈಲಿ ಆಚೆಯ ಅಂಗಡಿಯಲ್ಲಿ ಟೀ ಶರ್ಟ್ ಖರ್ಚಾಗದೆ ಉಳಿದದ್ದರಿಂದ.

ಎದುರಾಳಿಗಳ ಬತ್ತಳಿಕೆಯಲ್ಲಿ ಒಂದು ಗಟ್ಟಿ ಬಾಣ ಉಳಿದಿದೆ: ಕೋರ್ಟು ತಡ. ನಿಜ, ಹೊಸ ಬಾಡಿಗೆ ನ್ಯಾಯಾಲಯಗಳಲ್ಲೂ ಎಲ್ಲವೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವುದಿಲ್ಲ. ಆದರೆ ತಡವಾಗುವ ಕೋರ್ಟಿಗೆ ಬರಿಗೈಯಲ್ಲಿ ಹೋಗುವುದು ಹೇಗೆ ಪರಿಹಾರವಾದೀತು? ನೋಂದಣಿ ಸಂಖ್ಯೆ, ಬ್ಯಾಂಕ್ ದಾಖಲೆ, ನೋಟಿಸಿನ ಪ್ರತಿ ಹಿಡಿದು ಬಂದವನ ಕೆಲಸ ಬೇಗವೋ ತಡವೋ ನಡೆಯುತ್ತದೆ. ‘ನಮ್ಮವರು ಎಂದು ನಂಬಿ ಕೊಟ್ಟೆ’ ಎನ್ನುವವನು ಬಾಡಿಗೆ ಎಷ್ಟಿತ್ತು ಎಂಬುದನ್ನೇ ಮೊದಲು ಸಾಬೀತು ಮಾಡಬೇಕಾಗುತ್ತದೆ.

ಕೊನೆಗುಳಿದದ್ದು ಹತ್ತು ತಿಂಗಳ ಅಡ್ವಾನ್ಸ್. ಬೆಂಗಳೂರಿನಿಂದ ಹಿಡಿದು ಇಲ್ಲಿಯವರೆಗೂ ಮಾಲೀಕರು ಅತಿ ಪ್ರೀತಿಸುವ ಸಲಹೆ ಇದು. ಕರಾರಿನಲ್ಲಿ ಬೇರೆ ಒಪ್ಪಿಕೊಳ್ಳದಿದ್ದರೆ ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯುವಂತಿಲ್ಲ ಎಂದು ತಮಿಳುನಾಡಿನ ಕಾಯ್ದೆ ಅಳತೆ ಹಾಕಿಕೊಟ್ಟಿದೆ. 2021ರ ಕೇಂದ್ರದ ಮಾದರಿ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳು ಸಾಕೆನ್ನುತ್ತದೆ. 9,000ದ ಮನೆಗೆ 90,000 ತರಬಲ್ಲ ಟೈಲರ್ ತಿರುಪ್ಪೂರಿನಲ್ಲಿ ಎಷ್ಟು ಜನ ಸಿಕ್ಕಾರು? ತಂದುಕೊಟ್ಟವನೂ ಮನೆ ಬಿಡುವ ವರ್ಷ ‘ಅಡ್ವಾನ್ಸಿನಲ್ಲೇ ಕಳೆದುಕೊಳ್ಳಿ’ ಎಂದು ಬಾಡಿಗೆ ನಿಲ್ಲಿಸಿ ಕೂರುತ್ತಾನೆ. ಆ ಹೊತ್ತಿಗೆ ಗೋಡೆ ಕೆಟ್ಟಿದ್ದಕ್ಕೆ, ಕರೆಂಟ್ ಬಾಕಿಗೆ ಹಿಡಿದುಕೊಳ್ಳಲು ಠೇವಣಿಯಲ್ಲಿ ಏನೂ ಉಳಿದಿರುವುದಿಲ್ಲ. ಮಾಲೀಕನಾದರೂ ಆ ದುಡ್ಡನ್ನು ಬ್ಯಾಂಕಿನಲ್ಲಿ ಇಟ್ಟಿರುತ್ತಾನೆಯೇ? ಅದು ಎಂದೋ ಮೇಲಂತಸ್ತಿನ ಟೈಲ್ಸ್ ಆಗಿರುತ್ತದೆ, ಮಗಳ ಕಾಲೇಜು ಫೀಸ್ ಆಗಿರುತ್ತದೆ. ಖಾಲಿ ಮಾಡಿದವನಿಗೆ ‘ಹೊಸಬರು ಬರಲಿ, ಅವರ ಅಡ್ವಾನ್ಸ್ ಬಂದ ತಕ್ಷಣ ಕೊಡುತ್ತೇನೆ’ ಎಂಬ ಉತ್ತರ. ಬಾಕಿ ಕಳೆದು ಉಳಿದ ಠೇವಣಿಯನ್ನು ಮನೆ ಬಿಟ್ಟ ಒಂದು ತಿಂಗಳೊಳಗೆ ಹಿಂದಿರುಗಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಬಾಡಿಗೆದಾರ ಸಾಲಗಾರನಂತೆ ಕಾಣುತ್ತಿದ್ದ ಈ ಇಡೀ ವ್ಯವಹಾರದಲ್ಲಿ 90,000 ರೂಪಾಯಿಯ ಸಾಲಗಾರ ಮೊದಲ ದಿನದಿಂದಲೂ ಮಾಲೀಕನೇ ಆಗಿದ್ದ. ಮೂರು ತಿಂಗಳದ್ದಷ್ಟೇ ಪಡೆದು, ಅದನ್ನು ಬೇರೆ ಖಾತೆಯಲ್ಲಿಟ್ಟವನು ಮುಂದಿನ ಬಾಡಿಗೆದಾರನಿಗೆ ಕಾಯದೆ ಅದೇ ವಾರ ಲೆಕ್ಕ ಮುಗಿಸಿ ಕೀಲಿ ವಾಪಸು ಇಸಕೊಳ್ಳಬಹುದು.